ಕೈ ಕೊನೆಗೆ ಬರಲಿ

(ಎಸೆತದ ಕ್ರೀಡೆಗಳ ಕಲಿಕೆ ಮತ್ತು ತರಬೇತಿ ಕುರಿತು ಮಂಡ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಪಂಪನ ಬಗ್ಗೆ, ವಚನಕಾರರ ಬಗ್ಗೆ, ಜನಪದ ಸಾಹಿತ್ಯದ ಬಗ್ಗೆ ಕೇಳುವುದು ನಮಗೆ ರೂಢಿ. ಈ ದತ್ತಿಯನ್ನು ಇಟ್ಟವರು ತಮ್ಮ ತಂದೆಯ ನೆನಪಿಗೆ ಇಟ್ಟಿದ್ದಾರೆ. ಆ ತಂದೆ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಹೆಸರು ಅಚ್ಚಾಗುವುದು ಬೇಡ, ಕೆಲಸ ನಡೆದರೆ ಸಾಕು ಎಂದು ಮನೆಯವರು ಕೇಳಿಕೊಂಡಿದ್ದಾರೆ. ಆದ್ದರಿಂದ ಅವರನ್ನು ಮೇಷ್ಟ್ರು ಎಂದಷ್ಟೇ ನೆನೆದು, ಅವರಿಗೆ ಪ್ರಿಯವಾಗಿದ್ದ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ. ಇವನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಹೇಗೆ ಕಲಿಸಬೇಕು ಎನ್ನುವುದು ಇವತ್ತಿನ ಮಾತು.

ಮೆದೆಯ ಕೆಳಗೆ ಕಲಿತ ಪಾಠ

ನಾನು ಎಸೆತದ ಮೊದಲ ಪಾಠ ಕಲಿತದ್ದು ಮೈದಾನದಲ್ಲಲ್ಲ, ಕಣದಲ್ಲಿ. ಭತ್ತ ಬಡಿದಾದ ಮೇಲೆ ಹುಲ್ಲಿನ ಮೆದೆ ಒಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಮೇಲೆ ಒಬ್ಬ ನಿಂತು ಕಂತೆಗಳನ್ನು ಜೋಡಿಸುತ್ತಾನೆ, ಕೆಳಗಿನವನು ಒಂದೊಂದೇ ಕಂತೆಯನ್ನು ಅವನ ಕೈಗೆ ಎಸೆಯುತ್ತಾನೆ. ಮೆದೆ ಆಳೆತ್ತರ ಇರುವ ತನಕ ಯಾರು ಬೇಕಾದರೂ ಎಸೆಯಬಹುದು. ಎರಡಾಳೆತ್ತರಕ್ಕೆ ಏರಿದಾಗ ವ್ಯತ್ಯಾಸ ತಿಳಿಯುತ್ತದೆ.

ಹದಿನಾಲ್ಕು ವರ್ಷದ ನಾನು ತೋಳಿನ ಬಲವನ್ನೆಲ್ಲ ಹಾಕಿ ಎಸೆದ ಕಂತೆ ಅರ್ಧಕ್ಕೆ ಹೋಗಿ ಬಿಚ್ಚಿಕೊಂಡು ನನ್ನ ತಲೆಯ ಮೇಲೇ ಬಿತ್ತು. ಅರವತ್ತು ದಾಟಿದ ನಮ್ಮ ದೊಡ್ಡಪ್ಪ ಪಕ್ಕದಲ್ಲಿ ನಿಂತು ಸಂಜೆಯವರೆಗೂ ಒಂದೇ ಸಮನೆ ಎಸೆಯುತ್ತಿದ್ದರು. "ಕೈಯಲ್ಲಿ ಎಸೀಬ್ಯಾಡ ಕಣ್ಲಾ, ಕಾಲಲ್ಲಿ ಎಸಿ" ಅಂದರು. ಅರ್ಥವಾಗಲಿಲ್ಲ. ಅವರು ಎಸೆಯುವುದನ್ನು ನೋಡುತ್ತಾ ನಿಂತೆ. ಕಂತೆಯನ್ನು ಬಲ ಮಂಡಿಯ ಪಕ್ಕಕ್ಕೆ ಇಳಿಸುತ್ತಿದ್ದರು, ಮಂಡಿ ಬಾಗುತ್ತಿತ್ತು, ಬೆನ್ನು ಮೆದೆಯ ಕಡೆಗೆ ತಿರುಗುತ್ತಿತ್ತು. ಆಮೇಲೆ ಬಲಗಾಲು ನೆಲವನ್ನು ಒದೆಯುತ್ತಿತ್ತು, ಸೊಂಟ ತಿರುಗುತ್ತಿತ್ತು, ಎದೆ ತೆರೆಯುತ್ತಿತ್ತು. ಕೈಗಳು ಕಟ್ಟಕಡೆಯಲ್ಲಿ ಬಂದು ಕಂತೆಯನ್ನು ಬಿಟ್ಟುಕೊಡುತ್ತಿದ್ದವು, ಅಷ್ಟೇ.

ಮುಂದೆ ತರಬೇತಿಯ ಪುಸ್ತಕಗಳನ್ನು ಓದಿದೆ, ಶಿಬಿರಗಳಿಗೆ ಹೋದೆ, ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದೆ. ಅಲ್ಲೆಲ್ಲ ಕಂಡದ್ದು ದೊಡ್ಡಪ್ಪನ ಆ ಮಾತಿನ ವಿವರಣೆ. ಎಸೆತದಲ್ಲಿ ಕೈ ಕೊನೆಗೆ ಬರಬೇಕು. ಈ ಒಂದು ಮಾತನ್ನು ನಾನಿವತ್ತು ಬೇರೆ ಬೇರೆ ದಿಕ್ಕಿನಿಂದ ನಿಮ್ಮ ಮುಂದೆ ಇಡುತ್ತೇನೆ. ದೇಹದಲ್ಲಿ ಕೈ ಕೊನೆಗೆ. ತರಬೇತಿಯಲ್ಲಿ ಪೂರ್ಣ ಎಸೆತ ಕೊನೆಗೆ. ಮಗುವಿನ ಬೆಳವಣಿಗೆಯಲ್ಲಿ ಭಾರ ಕೊನೆಗೆ.

ಒಂದು ಸಣ್ಣ ಲೆಕ್ಕ

ಗುಂಡು ಎಷ್ಟು ದೂರ ಹೋಗುತ್ತದೆ ಎನ್ನುವುದು ಮೂರು ಸಂಗತಿಗಳಿಂದ ತೀರ್ಮಾನವಾಗುತ್ತದೆ: ಕೈ ಬಿಡುವಾಗಿನ ವೇಗ, ಕೋನ ಮತ್ತು ಎತ್ತರ. ನಮ್ಮ ಮೈದಾನಗಳಲ್ಲಿ ಹೆಚ್ಚಾಗಿ ಕೇಳಿಬರುವ ಕೂಗು "ಮೇಲಕ್ಕೆ ಎಸಿ, ಮೇಲಕ್ಕೆ ಎಸಿ" ಎಂದು. ಪಿ.ಯು.ಸಿ. ಭೌತಶಾಸ್ತ್ರದ ಸೂತ್ರ ಹಿಡಿದು ಲೆಕ್ಕ ಹಾಕಿ ನೋಡೋಣ.

ಎರಡು ಮೀಟರ್ ಎತ್ತರದಿಂದ, 40 ಡಿಗ್ರಿ ಕೋನದಲ್ಲಿ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಿಟ್ಟ ಗುಂಡು ಸುಮಾರು 12 ಮೀಟರ್ ಹೋಗುತ್ತದೆ. ಕೋನವನ್ನು 35 ಡಿಗ್ರಿಗೆ ಇಳಿಸಿದರೆ ನಷ್ಟವಾಗುವುದು ಸುಮಾರು ಹದಿನೈದು ಸೆಂಟಿಮೀಟರ್ ಮಾತ್ರ. ಹತ್ತು ಸೆಂಟಿಮೀಟರ್ ಹೆಚ್ಚು ಎತ್ತರದಿಂದ ಬಿಟ್ಟರೆ ಸಿಗುವುದು ಎಂಟು ಒಂಬತ್ತು ಸೆಂಟಿಮೀಟರ್ ಅಷ್ಟೇ. ವೇಗವನ್ನು ಮಾತ್ರ 10ರಿಂದ 11ಕ್ಕೆ ಏರಿಸಿದರೆ ಗುಂಡು 14 ಮೀಟರ್ ದಾಟುತ್ತದೆ. ಎರಡು ಮೀಟರ್ ಲಾಭ!

ಹಾಗಾದರೆ ವೇಗ ಎಲ್ಲಿಂದ ಬರುತ್ತದೆ? ತೋಳು ಚಿಕ್ಕ ಸ್ನಾಯುಗಳ ಜಾಗ. ತೊಡೆ, ಪಿರ್ರೆ, ಬೆನ್ನು ದೊಡ್ಡ ಸ್ನಾಯುಗಳ ಜಾಗ. ದೊಡ್ಡವು ಮೊದಲು ಹೊರಟು ವೇಗ ಹುಟ್ಟಿಸಿ ಚಿಕ್ಕವಕ್ಕೆ ದಾಟಿಸಬೇಕು. ಪಾದ, ಮಂಡಿ, ಸೊಂಟ, ಎದೆ, ಭುಜ, ಮೊಣಕೈ, ಬೆರಳು, ಇದೇ ಕ್ರಮ. ಕೈ ಆತುರಪಟ್ಟು ಮೊದಲೇ ಹೊರಟರೆ ಹಿಂದಿನಿಂದ ಬರುತ್ತಿದ್ದ ವೇಗ ಅದಕ್ಕೆ ಸಿಗುವುದೇ ಇಲ್ಲ. ನೀರುಗಂಟಿ ತೂಬು ಎತ್ತುವ ಮೊದಲೇ ಗದ್ದೆಯ ಮಡೆ ಕಡಿದು ಕೂತಂತೆ ಅದು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ನಮ್ಮ ಮಕ್ಕಳಿಗೆ ಈ ಹೋಲಿಕೆ ಹೇಳಿದರೆ ತಕ್ಷಣ ತಿಳಿಯುತ್ತದೆ.

ಇನ್ನೊಂದು ಗುಟ್ಟು ಎಡಗಾಲಿನದು. ಬಲಗೈಯವನು ಎಸೆಯುವಾಗ ಎಡಗಾಲು ಮುಂದೆ ನೆಟ್ಟಗೆ ಊರಿಕೊಳ್ಳಬೇಕು. ಮದ್ದೂರಿನ ಬಸ್ ನಿಲ್ದಾಣಕ್ಕೆ ಬಸ್ಸು ನುಗ್ಗಿ ಚಾಲಕ ತಟ್ಟನೆ ಬ್ರೇಕ್ ಹಾಕಿದಾಗ ನಿಂತಿದ್ದವರ ಕಾಲು ಅಲ್ಲೇ ಇರುತ್ತದೆ, ಮೇಲಿನ ದೇಹ ಮುಂದಕ್ಕೆ ಬೀಸಿಹೋಗುತ್ತದೆ. ಊರಿದ ಎಡಗಾಲು ಆ ಬ್ರೇಕು. ಅದು ಸಡಿಲವಾಗಿ ಬಾಗಿದರೆ ವೇಗವೆಲ್ಲ ನೆಲದ ಪಾಲು.

ಗುಂಡು: ಅಂಗೈ ನೋಡಿದರೆ ತಿಳಿಯುತ್ತದೆ

ಹಿರಿಯ ಪುರುಷರ ಗುಂಡು 7.26 ಕಿಲೋ, ಹಿಂದಿನ 16 ಪೌಂಡ್. ಮಹಿಳೆಯರದು 4 ಕಿಲೋ. ವೃತ್ತದ ವ್ಯಾಸ 2.135 ಮೀಟರ್. ಇಷ್ಟು ಕಿರಿದಾದ ಜಾಗದಲ್ಲಿ ನಿಂತ ಗುಂಡಿಗೆ ವೇಗ ತುಂಬಬೇಕು.

ಮಗುವಿಗೆ ಮೊದಲು ಕಲಿಸಬೇಕಾದದ್ದು ಹಿಡಿತ. ಮಕ್ಕಳು ಗುಂಡನ್ನು ಲಾಡು ಹಿಡಿದಂತೆ ಅಂಗೈಯಲ್ಲಿ ಕೂರಿಸಿಕೊಳ್ಳುತ್ತಾರೆ. ಅದು ಬೆರಳುಗಳ ಬುಡದಲ್ಲಿ ಕೂರಬೇಕು, ಕತ್ತಿಗೆ ಗಲ್ಲದ ಕೆಳಗೆ ಒತ್ತಿಕೊಂಡಿರಬೇಕು, ಹೆಬ್ಬೆರಳು ಕೆಳಗಿರಬೇಕು. ಸರಿಯಾಗಿದೆಯೇ ಎಂದು ತಿಳಿಯಲು ನಾನು ಮಾಡುತ್ತಿದ್ದುದು ಇಷ್ಟು: ಗುಂಡನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಕೊಡುತ್ತಿದ್ದೆ. ಹತ್ತು ಎಸೆತವಾದ ಮೇಲೆ ಕತ್ತಿನಲ್ಲಿ ಮಣ್ಣಿನ ಗುರುತಿದ್ದು ಅಂಗೈ ನಡುವೆ ಶುಭ್ರವಾಗಿದ್ದರೆ ಸರಿ. ಅಂಗೈಯೆಲ್ಲ ಕೆಂಪಾಗಿ ಕತ್ತು ಶುಭ್ರವಾಗಿದ್ದರೆ ಮತ್ತೆ ಮೊದಲಿಂದ.

ಒಬ್ಬಳು ಹುಡುಗಿ ಇದ್ದಳು, ಎಂಟನೇ ತರಗತಿ. ಗುಂಡು ಕತ್ತಿನಿಂದ ದೂರ ಸರಿದು ಭುಜದ ಹಿಂದಕ್ಕೆ ಇಳಿಯುತ್ತಿತ್ತು. ನಿಯಮದ ಪ್ರಕಾರ ಅದು ತಪ್ಪು. ಗುಂಡನ್ನು ಭುಜದಿಂದ ತಳ್ಳಬೇಕೇ ಹೊರತು ಚೆಂಡಿನಂತೆ ಬೀಸಿ ಎಸೆಯುವ ಹಾಗಿಲ್ಲ. ಎಷ್ಟು ಹೇಳಿದರೂ ಅವಳಿಗೆ ಸರಿಹೋಗಲಿಲ್ಲ. ಕೊನೆಗೆ ಗುಂಡನ್ನು ತೆಗೆದಿಟ್ಟು, ಕತ್ತು ಭುಜಗಳ ನಡುವೆ ಒಂದು ನಿಂಬೆಹಣ್ಣು ಸಿಕ್ಕಿಸಿ, ಅದು ಬೀಳದಂತೆ ಮಂಡಿ ಬಗ್ಗಿಸಿ, ಸೊಂಟ ತಿರುಗಿಸಿ, ಎದೆ ಮುಂದಕ್ಕೆ ತರುವಂತೆ ಹೇಳಿದೆ. ಮೂರು ದಿನ ನಿಂಬೆಹಣ್ಣು ಬೀಳುತ್ತಲೇ ಇತ್ತು. ನಾಲ್ಕನೇ ದಿನ ನಿಂತಿತು. ಆ ನಾಲ್ಕು ದಿನ ಅವಳು ಒಂದು ಸಲವೂ ಗುಂಡು ಎಸೆಯಲಿಲ್ಲ. ಐದನೇ ದಿನ ಗುಂಡು ಕೊಟ್ಟಾಗ ಅವಳಿಗೇ ಆಶ್ಚರ್ಯವಾಗುವಷ್ಟು ದೂರ ಹೋಯಿತು. ಗೆರೆಯಿಂದ ಗುಂಡಿನ ಗುಳಿಯವರೆಗೆ ನಡೆದುಹೋಗಿ, ಗುಳಿಯ ಪಕ್ಕದಲ್ಲಿ ಕೂತು ಬೆರಳಿನಿಂದ ಮುಟ್ಟಿ ನೋಡಿದಳು.

ನಿಂತು ಎಸೆಯುವುದು ಪೂರ್ತಿ ಕೈವಶವಾದ ಮೇಲೆ ಜಾರುವ ಶೈಲಿ. ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ನಿಂತು, ವೃತ್ತದ ಹಿಂದಿನಿಂದ ಜಾರಿ ಬಂದು ಎಸೆಯುವ ಈ ಶೈಲಿಯನ್ನು ಅಮೆರಿಕದ ಪ್ಯಾರಿ ಓಬ್ರಿಯನ್ ರೂಢಿಗೆ ತಂದು 1952 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ಸುತ್ತುವ ಶೈಲಿ 1970ರ ದಶಕದಲ್ಲಿ ಬಂತು. ಈಗಿನ ವಿಶ್ವದಾಖಲೆ, ರಯಾನ್ ಕ್ರೌಸರ್ ಅವರ 23.56 ಮೀಟರ್, ಸುತ್ತುವ ಶೈಲಿಯದು. ನಮ್ಮ ತೇಜಿಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದರು. ಮೊಬೈಲಿನಲ್ಲಿ ಕ್ರೌಸರ್ ಸುತ್ತುವುದನ್ನು ನೋಡಿ ನಮ್ಮ ಹುಡುಗರೂ ಮೊದಲ ದಿನವೇ ಸುತ್ತಲು ಹೊರಡುತ್ತಾರೆ. ನಿಂತು ಎಸೆಯಲು ಬಾರದವನು ಸುತ್ತಿ ಎಸೆದರೆ ತಪ್ಪುಗಳೂ ಅವನ ಜೊತೆ ಸುತ್ತುತ್ತವೆ.

ಚಕ್ರ: ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ

ಚಕ್ರ ಎಸೆತದ ಮಾತು ಬಂದಾಗ ನಾವು ಹೆಮ್ಮೆಯಿಂದ ಹೇಳಬೇಕಾದ ಹೆಸರು ವಿಕಾಸ್ ಗೌಡ. ಇಲ್ಲಿಂದ ಒಂದು ಗಂಟೆಯ ಹಾದಿಯ ಮೈಸೂರಿನಲ್ಲಿ 1983ರಲ್ಲಿ ಹುಟ್ಟಿದವರು. ತಂದೆ ಶಿವೇಗೌಡರು ಅಥ್ಲೆಟಿಕ್ಸ್ ತರಬೇತುದಾರರು. ಕುಟುಂಬ ಅಮೆರಿಕಕ್ಕೆ ಹೋಯಿತು, ಹುಡುಗ ಅಲ್ಲಿ ಬೆಳೆದ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಎಸೆದ. ಆಟವಾಡಿದ್ದು ಭಾರತಕ್ಕೆ. 2004ರಿಂದ 2016ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. 2012ರ ಲಂಡನ್‌ನಲ್ಲಿ ಅರ್ಹತಾ ಸುತ್ತಿನಲ್ಲಿ 65.20 ಮೀಟರ್ ಎಸೆದು ಫೈನಲ್ ತಲುಪಿ ಎಂಟನೆಯವರಾದರು. ಅದೇ ವರ್ಷ ಅಮೆರಿಕದ ಒಕ್ಲಹೋಮದಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಬರೆದರು. 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಭಾರತದ ಪುರುಷನೊಬ್ಬನಿಗೆ ಚಿನ್ನ ಸಿಕ್ಕಿದ್ದು ಅಂದೇ, 56 ವರ್ಷಗಳ ನಂತರ. 2017ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ನಿವೃತ್ತರಾದರು.

ಅವರ ಎತ್ತರ, ಉದ್ದನೆಯ ತೋಳು ದೇವರು ಕೊಟ್ಟದ್ದು ಎಂದುಬಿಡುವುದು ಸುಲಭ. ಆದರೆ ಅಂಥ ದೇಹಕ್ಕೆ ಮನೆಯಲ್ಲೇ ತಿಳಿದವರೊಬ್ಬರು ಇದ್ದರು, ಹೋದಲ್ಲೆಲ್ಲ ವೃತ್ತ, ಬಲೆ, ಭಾರ ಎತ್ತುವ ಕೋಣೆ ಇದ್ದವು, ವರ್ಷಗಟ್ಟಲೆ ಕಾಯುವ ತಾಳ್ಮೆ ಇತ್ತು. ನಮ್ಮ ಹಲಗೂರಿನಲ್ಲೋ ಬೆಸಗರಹಳ್ಳಿಯಲ್ಲೋ ಹತ್ತನೇ ತರಗತಿಗೇ ಆರಡಿ ಬೆಳೆದ ಹುಡುಗನಿಗೆ ಇವುಗಳಲ್ಲಿ ಯಾವುದನ್ನು ಕೊಟ್ಟಿದ್ದೇವೆ ಎಂದು ನಾವು ಕೇಳಿಕೊಳ್ಳಬೇಕು.

ಪುರುಷರ ಚಕ್ರ 2 ಕಿಲೋ, ಮಹಿಳೆಯರದು 1 ಕಿಲೋ. ವೃತ್ತ 2.50 ಮೀಟರ್. ಚಕ್ರವನ್ನು ಬೆರಳುಗಳ ಮೊದಲ ಗೆಣ್ಣಿನ ಮೇಲೆ ನೇತುಹಾಕಿಕೊಳ್ಳಬೇಕು, ಬಿಡುವಾಗ ಅದು ತೋರುಬೆರಳಿನಿಂದ ಕೊನೆಗೆ ಕಳಚಬೇಕು. ಹಾಗೆ ಕಳಚಿದರೆ ಮಾತ್ರ ಅದು ಬುಗುರಿಯಂತೆ ತಿರುಗುತ್ತಾ ಗಾಳಿಯಲ್ಲಿ ನಿಲ್ಲುತ್ತದೆ. ಕಿರುಬೆರಳಿನ ಕಡೆಯಿಂದ ಜಾರಿದರೆ ಗಾಯವಾದ ಹಕ್ಕಿಯಂತೆ ಒದ್ದಾಡಿ ಬೀಳುತ್ತದೆ. ಇದನ್ನು ಕಲಿಸಲು ಎಸೆಯಬೇಕಾಗಿಯೇ ಇಲ್ಲ. ನಮ್ಮ ಮಕ್ಕಳು ಸೈಕಲ್ ಟಯರನ್ನು ಕೋಲಿನಿಂದ ಹೊಡೆದು ಬೀದಿಯಲ್ಲಿ ಓಡಿಸುತ್ತಿದ್ದರಲ್ಲ, ಹಾಗೆ ಚಕ್ರವನ್ನು ನಿಲ್ಲಿಸಿ ನೆಲದ ಮೇಲೆ ಗೆಳೆಯನ ಕಡೆಗೆ ಉರುಳಿಸಲಿ. ನೆಟ್ಟಗೆ ಉರುಳಿದರೆ ತೋರುಬೆರಳು ಕೆಲಸ ಮಾಡಿದೆ. ಬಳುಕಿ ಬಿದ್ದರೆ ಇಲ್ಲ. ಆಮೇಲೆ ನಿಂತು ಎಸೆತ, ಆಮೇಲೆ ಅರ್ಧ ಸುತ್ತು, ಕೊನೆಗೆ ಒಂದೂವರೆ ಸುತ್ತು. ಸುತ್ತುವಾಗ ಕಾಲುಗಳು ಮುಂದೆ ಓಡಬೇಕು, ಚಕ್ರ ಹಿಡಿದ ಕೈ ಬಲು ಹಿಂದೆ ಉಳಿದು ಎಳೆದುಕೊಂಡು ಬರಬೇಕು.

ಚಕ್ರಕ್ಕೆ ಎದುರುಗಾಳಿ ಬೇಕು. ರೆಕ್ಕೆಯಂತೆ ಅದು ಗಾಳಿಯ ಮೇಲೆ ಕೂರುತ್ತದೆ. ಲಿಥುವೇನಿಯಾದ ಮಿಕೋಲಾಸ್ ಅಲೆಕ್ನಾ 2025ರ ಏಪ್ರಿಲ್‌ನಲ್ಲಿ 75.56 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ್ದು ಅದೇ ಒಕ್ಲಹೋಮದ ರಮೋನಾ ಎಂಬ ಗಾಳಿಯೂರಿನಲ್ಲಿ. ಬಲಗೈಯವರಿಗೆ ಗಾಳಿ ಎದುರಿನಿಂದ, ಸ್ವಲ್ಪ ಬಲಗಡೆಯಿಂದ ಬಂದರೆ ಒಳ್ಳೆಯದು. ನಮಗೂ ಆಷಾಢದ ಗಾಳಿ ಇದೆ. ವೃತ್ತ ಹಾಕುವ ಮುಂಚೆ ನಿಮ್ಮ ಶಾಲೆಯ ಧ್ವಜ ಆ ತಿಂಗಳಲ್ಲಿ ಯಾವ ಕಡೆಗೆ ಹಾರುತ್ತದೆ ಎಂದು ನೋಡಿಕೊಳ್ಳಿ.

ಭರ್ಜಿ: ಕಂಠೀರವದ ಆ ಸಂಜೆ

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ತಮ್ಮದೇ ಹೆಸರಿನ ಅಂತರರಾಷ್ಟ್ರೀಯ ಕೂಟದಲ್ಲಿ 86.18 ಮೀಟರ್ ಎಸೆದು ಗೆದ್ದರು. ಎಸೆತದ ಒಂದೇ ಒಂದು ಸ್ಪರ್ಧೆಗಾಗಿ ಕನ್ನಡ ನಾಡಿನ ಕ್ರೀಡಾಂಗಣ ತುಂಬಿದ್ದನ್ನು ನನ್ನ ವಯಸ್ಸಿನವರು ನೋಡುತ್ತೇವೆ ಎಂದುಕೊಂಡಿರಲಿಲ್ಲ.

ಆದರೆ ಕಥೆ ನೀರಜ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗೆದ್ದ 87.58 ಮೀಟರ್ ಚಿನ್ನದಿಂದ ಶುರುವಾಗುವುದಿಲ್ಲ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದವರು ಶಿರಸಿ ತಾಲ್ಲೂಕಿನ ಕಾಶೀನಾಥ ನಾಯ್ಕ. ಮುಂದೆ ತರಬೇತುದಾರರಾಗಿ ನೀರಜ್‌ಗೂ ಕಲಿಸಿದರು. ಹಾಸನ ಜಿಲ್ಲೆಯ ಬೇಲೂರು ಕಡೆಯ ಡಿ.ಪಿ. ಮನು, ನಾಯ್ಕರ ಕೈಯಲ್ಲೇ ಬೆಳೆದು, 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 84.14 ಮೀಟರ್ ಎಸೆದು ಜಗತ್ತಿಗೆ ಆರನೆಯವರಾದರು. ಅದೇ ಫೈನಲ್‌ನಲ್ಲಿ ನೀರಜ್ ಚಿನ್ನ ಗೆದ್ದದ್ದು. ಮುಂದೆ ಮನು ಉದ್ದೀಪನ ಮದ್ದಿನ ಪ್ರಕರಣದಲ್ಲಿ ನಿಷೇಧಕ್ಕೆ ಒಳಗಾದರು. ಇದನ್ನು ಮಕ್ಕಳ ಮುಂದೆ ಮುಚ್ಚಿಡುವುದು ಸರಿಯಲ್ಲ. ಹೇಳುವಾಗ ನನಗೆ ನೋವಾಗುತ್ತದೆ. ಮಕ್ಕಳೇ, ಯಾರೇ ಕೊಟ್ಟ ಪುಡಿಯಾಗಲಿ, ಮಾತ್ರೆಯಾಗಲಿ, ಸೂಜಿಯಾಗಲಿ, ಕ್ರೀಡೆಯ ನಿಯಮ ತಿಳಿದ ವೈದ್ಯರನ್ನು ಕೇಳದೆ ಮುಟ್ಟಬೇಡಿ. ನಿಮ್ಮ ದೇಹದೊಳಗೆ ಏನಿದೆ ಎನ್ನುವುದಕ್ಕೆ ಕೊನೆಗೆ ಉತ್ತರ ಕೊಡಬೇಕಾದವರು ನೀವೇ.

ಪುರುಷರ ಭರ್ಜಿ 800 ಗ್ರಾಂ, ಮಹಿಳೆಯರದು 600 ಗ್ರಾಂ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಹೀಗೇ ಬಿಟ್ಟರೆ ಭರ್ಜಿ ಓಟದ ಹಾದಿಗೆ ಬಂದು ಬೀಳುತ್ತದೆಂಬ ಭಯ, ಚಪ್ಪಟೆಯಾಗಿ ಬಿದ್ದ ಎಸೆತಗಳ ತಕರಾರು, ಎರಡೂ ಸೇರಿ 1986ರಲ್ಲಿ ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಕೆಳಗೆ ಬಾಗಿ ಮೊನೆ ಮೊದಲು ನೆಲ ಮುಟ್ಟುವಂತಾಯಿತು. ಅದೇ ಹೋನ್ ಮುಂದೆ ಭಾರತಕ್ಕೆ ಬಂದು ನೀರಜ್‌ಗೆ ತರಬೇತಿ ಕೊಟ್ಟರು.

ಭರ್ಜಿ ಹಗುರ, ಆದರೆ ದೇಹವನ್ನು ಮುರಿಯುವುದರಲ್ಲಿ ಎಲ್ಲಕ್ಕಿಂತ ಮುಂದು. ನೀರಜ್ ಕೂಡ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಮೊಣಕೈ ಭುಜಕ್ಕಿಂತ ಕೆಳಗಿಳಿದು, ಕಲ್ಲು ಎಸೆದಂತೆ ಪಕ್ಕದಿಂದ ಎಸೆಯುವುದು ನಮ್ಮ ಮಕ್ಕಳ ಮೊದಲ ತಪ್ಪು. ರಾಗಿ ಹೊಲದಲ್ಲಿ ಹಕ್ಕಿ ಓಡಿಸಲು ಕಲ್ಲು ಬೀಸಿದ ತೋಳುಗಳು ಅವು, ಬೀಸುವುದು ಬರುತ್ತದೆ, ದಾರಿ ತಿದ್ದಬೇಕು. ಅಂಗೈ ಆಕಾಶ ನೋಡಲಿ, ಮೊಣಕೈ ಕಿವಿಯ ಪಕ್ಕದಿಂದ ಎತ್ತರದಲ್ಲಿ ಹಾದುಬರಲಿ, ಎದೆ ಮೊದಲು ತೆರೆದುಕೊಳ್ಳಲಿ. ಮೊದಲ ಎರಡು ತಿಂಗಳು ಭರ್ಜಿಯೇ ಬೇಡ, ಟೆನಿಸ್ ಚೆಂಡು ಸಾಕು. ಆಮೇಲೆ ತುದಿಗೆ ರಬ್ಬರ್ ಸುತ್ತಿದ ಬಿದಿರು ಕೋಲು. ಓಟವನ್ನೂ ಮೂರು ಹೆಜ್ಜೆಯಿಂದ ಶುರುಮಾಡಿ ಐದು, ಏಳು ಎಂದು ಏರಿಸುತ್ತಾ ಹೋಗಬೇಕು.

ನನ್ನ ಕೈಯಲ್ಲಿ ಆದ ತಪ್ಪು

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬಳಿ ಹದಿಮೂರು ವರ್ಷದ ಹುಡುಗನೊಬ್ಬನಿದ್ದ. ತಂದೆಯ ಜೊತೆ ಆಲೆಮನೆಯಲ್ಲಿ ಕಬ್ಬಿನ ಹೊರೆ ಹೊತ್ತು ಗಟ್ಟಿಯಾದ ಮೈ. ಶಾಲೆಯಲ್ಲಿದ್ದದ್ದು ದೊಡ್ಡವರ 16 ಪೌಂಡಿನ ಒಂದೇ ಗುಂಡು. ಭಾರದ್ದರಲ್ಲಿ ಅಭ್ಯಾಸವಾದರೆ ಸ್ಪರ್ಧೆಯಲ್ಲಿ ಹಗುರದ್ದು ಹಾರುತ್ತದೆ ಎಂದು ನಂಬಿ ಅದನ್ನೇ ದಿನಕ್ಕೆ ಐವತ್ತು ಸಲ ಎಸೆಯಿಸಿದೆ. ಹೋಬಳಿ ಮಟ್ಟದಲ್ಲಿ ಗೆದ್ದ, ತಾಲ್ಲೂಕು ಮಟ್ಟದಲ್ಲೂ ಗೆದ್ದ. ಹೊಗಳಿಕೆ ನನಗೆ ಬಂತು. ಜಿಲ್ಲಾ ಮಟ್ಟದ ಹಿಂದಿನ ದಿನ ಅವನಿಗೆ ಬುತ್ತಿಯ ಮುಚ್ಚಳ ತೆರೆಯಲಾಗಲಿಲ್ಲ. ಮೊಣಕೈ ಊದಿತ್ತು. ಅವನು ಮತ್ತೆ ಗುಂಡು ಮುಟ್ಟಲಿಲ್ಲ. ಬೆಳೆಯುವ ಮಗುವಿನ ಎಲುಬಿನ ತುದಿ ಇನ್ನೂ ಎಳೆಯದು, ಗಂಟು ಸರಿದ ಕಬ್ಬಿನ ಸುಳಿಯಷ್ಟೇ ಸೂಕ್ಷ್ಮ ಎಂದು ನನಗೆ ಗೊತ್ತಿರಬೇಕಿತ್ತು. ಭಾರ ಕೊನೆಗೆ ಬರಬೇಕಿತ್ತು, ನಾನು ಮೊದಲು ತಂದೆ.

ಆಮೇಲೆ ನನಗೆ ನಾನೇ ಹಾಕಿಕೊಂಡ ನಿಯಮಗಳನ್ನು ನಿಮ್ಮ ಮುಂದಿಡುತ್ತೇನೆ. ವಯಸ್ಸಿಗೆ ತಕ್ಕ ತೂಕ ಮೊದಲನೆಯದು. ಅಂತರರಾಷ್ಟ್ರೀಯ ನಿಯಮದಲ್ಲಿ 18 ವರ್ಷದೊಳಗಿನ ಹುಡುಗರಿಗೇ ಗುಂಡು 5 ಕಿಲೋ, ಚಕ್ರ ಒಂದೂವರೆ ಕಿಲೋ, ಭರ್ಜಿ 700 ಗ್ರಾಂ; ಹುಡುಗಿಯರಿಗೆ ಗುಂಡು 3 ಕಿಲೋ, ಚಕ್ರ 1 ಕಿಲೋ, ಭರ್ಜಿ 500 ಗ್ರಾಂ. ಅದಕ್ಕೂ ಚಿಕ್ಕವರಿಗೆ ಇನ್ನೂ ಹಗುರವಾದದ್ದೇ ಇರಬೇಕು. ಎರಡನೆಯದು, ಹದಿನಾಲ್ಕರ ಮಗು ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತೈದು ಮೂವತ್ತು ಎಸೆತ ಎಸೆದರೆ ಸಾಕು. ಉಳಿದ ದಿನ 30 ಮೀಟರ್ ಓಟ, ನಿಂತ ಜಾಗದಿಂದ ಉದ್ದ ಜಿಗಿತ, ಹಗ್ಗದಾಟ, ಹಳೆಯ ಫುಟ್‌ಬಾಲಿಗೆ ಮರಳು ತುಂಬಿ ಹೊಲಿದ ಚೆಂಡನ್ನು ಎರಡು ಕೈಯಲ್ಲಿ ತಲೆಯ ಹಿಂದಕ್ಕೆ ಎಸೆಯುವುದು. ದೂರ ಎಸೆಯುವವರೆಲ್ಲ ಮೊದಲು ವೇಗವಾಗಿ ಓಡುವವರು, ಎತ್ತರ ಜಿಗಿಯುವವರು. ಮೂರನೆಯದು, ಅಳತೆಯ ಟೇಪು ವಾರಕ್ಕೊಮ್ಮೆ ಮಾತ್ರ ಹೊರಬರಲಿ. ಪ್ರತಿ ಎಸೆತವನ್ನೂ ಅಳೆದರೆ ಮಗು ದೂರಕ್ಕೆ ಆಸೆಪಟ್ಟು ಮತ್ತೆ ಕೈಯನ್ನೇ ಮುಂದಿಡುತ್ತದೆ.

ಊಟದ ಮಾತು. ಮುದ್ದೆ ತಿಂದು ಬೆಳೆದವರು ನಾವು. ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣಾಂಶ ಧಾರಾಳವಾಗಿದೆ. ಸ್ನಾಯುವಿಗೆ ಬೇಕಾದ ಪ್ರೋಟೀನ್ ಮಾತ್ರ ಅದರಿಂದಲೇ ಸಾಲದು. ಮುದ್ದೆಯ ಪಕ್ಕದಲ್ಲಿ ತಿಳಿಸಾರು ಮಾತ್ರ ಇದ್ದರೆ ಆಗುವುದಿಲ್ಲ. ಹುರುಳಿ ಕಟ್ಟು, ಅವರೆಕಾಳು, ಹಾಲು, ಮೊಟ್ಟೆ, ಒಪ್ಪುವ ಮನೆಯಲ್ಲಿ ಮೀನು ಮಾಂಸ ಇರಲಿ. ಡಬ್ಬದ ಪುಡಿಗಿಂತ ಮೊದಲು ಅಡುಗೆಮನೆಯನ್ನು ನೋಡಿ.

ಹೆಣ್ಣುಮಕ್ಕಳ ಬಗ್ಗೆ ಒಂದು ವಿಶೇಷ ವಿನಂತಿ. ನಾಟಿ ಹಾಕಿ, ಕಳೆ ಕಿತ್ತು, ಕೊಡ ಹೊತ್ತ ಮನೆಗಳ ಮಕ್ಕಳು ಇವರು. ಕಾಲಿನಲ್ಲಿ, ಬೆನ್ನಿನಲ್ಲಿ ಶಕ್ತಿ ಇದೆ. ಆದರೆ ಗುಂಡು ಎಸೆದರೆ ಮೈ ದಪ್ಪವಾಗುತ್ತದೆ, ಗಂಡುಬೀರಿ ಅನ್ನುತ್ತಾರೆ ಎಂದು ಒಂಬತ್ತನೇ ತರಗತಿಗೆ ಬಿಡಿಸಿಬಿಡುತ್ತಾರೆ. ತಂದೆತಾಯಿಗಳನ್ನು ಒಂದು ದಿನ ಮೈದಾನಕ್ಕೆ ಕರೆಯಿರಿ. ಮಗಳು ಎಸೆಯುವುದನ್ನು ಅವರೇ ನಿಂತು ನೋಡಲಿ. ನಾನು ಕರೆದಾಗ ಬಂದ ತಾಯಂದಿರಲ್ಲಿ ಹೆಚ್ಚಿನವರು ಮತ್ತೆ ತಡೆಯಲಿಲ್ಲ.

ಮೂರು ಮೂಟೆ ಸಿಮೆಂಟು

ಕೊನೆಯದಾಗಿ ಮೈದಾನ. ನಮ್ಮಲ್ಲಿ ಹೋಬಳಿ ಕ್ರೀಡಾಕೂಟಕ್ಕೆ ಹದಿನೈದು ದಿನ ಇರುವಾಗ ಅಭ್ಯಾಸ ಶುರುವಾಗುತ್ತದೆ, ಸುಣ್ಣದ ಪುಡಿಯಲ್ಲಿ ವೃತ್ತ ಬರೆಯುತ್ತೇವೆ, ಎರಡನೇ ಎಸೆತಕ್ಕೆ ಅದು ಅಳಿಸಿಹೋಗಿರುತ್ತದೆ. ಮಣ್ಣಿನ ಮೇಲೆ ಕಲಿತ ಮಗು ದಸರಾ ಕ್ರೀಡಾಕೂಟಕ್ಕೆ ಮೈಸೂರಿನ ಚಾಮುಂಡಿ ವಿಹಾರಕ್ಕೆ ಹೋಗಿ ಮೊದಲ ಸಲ ಕಾಂಕ್ರೀಟ್ ವೃತ್ತದಲ್ಲಿ ನಿಂತಾಗ ಪಾದ ತಿರುಗುವ ರೀತಿಯೇ ಬೇರೆಯಾಗಿರುತ್ತದೆ. ಸ್ಪರ್ಧೆಯ ದಿನ ಕಲಿಯುವ ಪಾಠವೇ ಅದು?

ಗುಂಡಿನ ವೃತ್ತವನ್ನು ನಾಲ್ಕು ಇಂಚು ದಪ್ಪದಲ್ಲಿ ಹಾಕಲು ಮೂರು ಮೂಟೆ ಸಿಮೆಂಟ್ ಸಾಕು. ಚಕ್ರದ ವೃತ್ತಕ್ಕೆ ನಾಲ್ಕು. ಅಂಚಿಗೆ ಕಬ್ಬಿಣದ ಪಟ್ಟಿಯನ್ನು ಬಾಗಿಸಿ ಬಳೆ ಮಾಡಿಕೊಡಲು ನಮ್ಮ ಊರುಗಳಲ್ಲಿ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟಿದ ಕಮ್ಮಾರರ ಮನೆತನಗಳಿವೆ. ಒಳಗಿನ ನೆಲ ಬಳೆಗಿಂತ ಸುಮಾರು 2 ಸೆಂಟಿಮೀಟರ್ ತಗ್ಗಿರಲಿ, ಮೇಲ್ಮೈ ತೀರ ನುಣುಪೂ ಬೇಡ, ತೀರ ಒರಟೂ ಬೇಡ. ಎಸೆತ ಬೀಳುವ ಕ್ಷೇತ್ರದ ಕೋನ 34.92 ಡಿಗ್ರಿ ಎಂದು ಕೇಳಿ ಗಾಬರಿಯಾಗಬೇಡಿ, ಕೋನಮಾಪಕ ಬೇಕಿಲ್ಲ. ವೃತ್ತದ ನಡುವಿನಿಂದ 20 ಮೀಟರ್ ಹಗ್ಗ ಎಳೆದು ಎರಡು ಗೂಟ ನೆಡಿ. ಆ ಗೂಟಗಳ ನಡುವೆ ಸರಿಯಾಗಿ 12 ಮೀಟರ್ ಅಂತರವಿದ್ದರೆ ಕೋನ ತಾನಾಗಿಯೇ ಬಂತು. ಭರ್ಜಿಯ ಕ್ಷೇತ್ರಕ್ಕೂ ಇದೇ ಉಪಾಯ, ಅಲ್ಲಿ ಅಂತರ 10 ಮೀಟರ್.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. ಎಲ್ಲರೂ ಎಸೆಯುವವನ ಹಿಂದೆ ನಿಲ್ಲಬೇಕು. ಎಸೆದದ್ದನ್ನು ನಡೆದುಹೋಗಿ ತರಬೇಕು, ಓಡಬಾರದು, ಎದುರಿನಿಂದ ತಿರುಗಿ ಎಸೆಯಬಾರದು. ಭರ್ಜಿಯನ್ನು ನೆಟ್ಟಗೆ ಹಿಡಿದು ನಡೆಯಬೇಕು. ಬಲೆಯಿಲ್ಲದ ಮೈದಾನದಲ್ಲಿ ಹ್ಯಾಮರ್ ಎಸೆತವನ್ನು ಕಲಿಸಲೇಬಾರದು.

ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವಾಗ ರಸ್ತೆಬದಿಯಲ್ಲಿ ಕಬ್ಬಿನ ಗಾಡಿಗಳಿಗೆ ಹೊರೆ ಏರಿಸುತ್ತಿರುವ ಹುಡುಗರನ್ನು ನೋಡುತ್ತೇನೆ. ಮಂಡಿ ಬಾಗುತ್ತದೆ, ಸೊಂಟ ತಿರುಗುತ್ತದೆ, ಕೈ ಕೊನೆಗೆ ಬರುತ್ತದೆ. ಯಾರೂ ಕಲಿಸದೆಯೇ ಬಂದ ವಿದ್ಯೆ ಅದು, ದುಡಿಮೆ ಕಲಿಸಿದ್ದು. ಅದರ ಮೇಲೆ ನಾವು ಕಟ್ಟಬೇಕಾದದ್ದು ಸ್ವಲ್ಪವೇ ಇದೆ.

ಸಂಘಟಕರಲ್ಲಿ, ದತ್ತಿ ಇಟ್ಟ ಮನೆಯವರಲ್ಲಿ ಒಂದು ಬೇಡಿಕೆ. ಮುಂದಿನ ವರ್ಷದ ಉಪನ್ಯಾಸವನ್ನು ಸಭಾಂಗಣದಲ್ಲಿ ಇಡಬೇಡಿ. ಮೇಷ್ಟ್ರು ಕೆಲಸ ಮಾಡಿದ ಆ ಹಳ್ಳಿಯ ಶಾಲೆಯ ಮೈದಾನದಲ್ಲಿ ಇಡಿ. ನನಗೆ ಕೊಡಬೇಕೆಂದಿರುವ ಗೌರವಧನದಲ್ಲಿ ಮೂರು ಮೂಟೆ ಸಿಮೆಂಟ್ ತನ್ನಿ. ಜಲ್ಲಿ, ಮರಳು ಊರಿನವರು ಕೊಡುತ್ತಾರೆ, ನಾನು ಹಿಂದಿನ ದಿನವೇ ಬಂದು ಹಗ್ಗ ಹಿಡಿದು ಗೆರೆ ಹಾಕಿಕೊಡುತ್ತೇನೆ. ಕಾಂಕ್ರೀಟ್ ಕಟ್ಟಿಕೊಳ್ಳಲು ಮೂರು ವಾರ ನೀರುಣಿಸಬೇಕು. ಅಲ್ಲಿಯವರೆಗೆ ಮಕ್ಕಳು ಕಾಯಲಿ, ನಿಂಬೆಹಣ್ಣು ಇಟ್ಟುಕೊಂಡು ಅಭ್ಯಾಸ ಮಾಡುತ್ತಿರಲಿ.